ಅಗ್ಗದ ದರದ ವಿಮಾನಯಾನದಲ್ಲಿ ಆಹಾರ ಮತ್ತು ಗ್ರಾಹಕರ ದೂರುಗಳು

ಅಗ್ಗದ ದರದ ವಿಮಾನಯಾನದಲ್ಲಿ ಆಹಾರ ಎಂಬುದು ಟಿಕೆಟಿನ ಬೆಲೆಯಲ್ಲಿ ಊಟ, ತಿಂಡಿಗಳನ್ನು ಸೇರಿಸದೆ, ಬೇಕಾದ ಪ್ರಯಾಣಿಕರಿಗೆ ಪ್ರತ್ಯೇಕವಾಗಿ ಹಣಕ್ಕೆ ಒದಗಿಸುವ ವ್ಯವಸ್ಥೆಯಾಗಿದೆ. ಭಾರತದಲ್ಲಿ ಈ ಪದ್ಧತಿಯನ್ನು 2003ರಲ್ಲಿ ಬೆಂಗಳೂರಿನ ಏರ್ ಡೆಕ್ಕನ್ ಸಂಸ್ಥೆಯು ಬಳಕೆಗೆ ತಂದಿತು. ಅದರ ಸ್ಥಾಪಕ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಹುಟ್ಟಿದ್ದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ ಮೇಲುಕೋಟೆಯಲ್ಲಿ. ಊಟವು ಟಿಕೆಟಿನಿಂದ ಬೇರ್ಪಟ್ಟ ಮೇಲೆ ಅದರ ರುಚಿ, ಬೆಲೆ, ಶುಚಿತ್ವ ಮತ್ತು ಲಭ್ಯತೆಗಳ ಬಗ್ಗೆ ದೂರುಗಳು ಹುಟ್ಟಿಕೊಂಡವು. 'ಅಗ್ಗದ ಟಿಕೆಟು ಕೊಂಡವರು ಕೇಳುವಂತಿಲ್ಲ' ಎಂಬ ಭಾವನೆ ಜನರಲ್ಲಿ ವ್ಯಾಪಕವಾಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಲ್ಲ. ಹಣ ಕೊಟ್ಟು ಕೊಂಡ ತಿಂಡಿಯ ವಿಷಯದಲ್ಲಿ ವಿಮಾನದ ಪ್ರಯಾಣಿಕನಿಗೂ ಪೇಟೆಯ ಅಂಗಡಿಯ ಗಿರಾಕಿಗೂ ಇರುವ ಹಕ್ಕು ಒಂದೇ. ವಿಮಾನ ತಡವಾದಾಗ ಉಚಿತ ಆಹಾರ ಪಡೆಯುವ ಹಕ್ಕಿಗೂ ಟಿಕೆಟಿನ ದರಕ್ಕೂ ಸಂಬಂಧವಿಲ್ಲ.

ಹಿನ್ನೆಲೆ

ವಿಮಾನ ಪ್ರಯಾಣವು ಶ್ರೀಮಂತರಿಗೆ ಮೀಸಲಾಗಿದ್ದ ಕಾಲದಲ್ಲಿ ಊಟೋಪಚಾರವು ಆ ಪ್ರಯಾಣದ ಘನತೆಯ ಒಂದು ಅಂಗವಾಗಿತ್ತು. ಅಮೆರಿಕದ ಟೆಕ್ಸಾಸ್‌ನಲ್ಲಿ 1971ರಲ್ಲಿ ಹಾರಾಟ ಆರಂಭಿಸಿದ ಸೌತ್‌ವೆಸ್ಟ್ ಸಂಸ್ಥೆಯು ಈ ಪರಿಪಾಠವನ್ನು ಮುರಿಯಿತು. ಅದು ಊಟದ ತಟ್ಟೆಯ ಬದಲು ಕಡಲೆಕಾಯಿ ಬೀಜದ ಪುಟ್ಟ ಪೊಟ್ಟಣವನ್ನು ನೀಡುತ್ತಿತ್ತು. (ಅಲರ್ಜಿಯ ಕಾರಣದಿಂದ 2018ರಲ್ಲಿ ಆ ಪೊಟ್ಟಣವೂ ನಿಂತಿತು.) ಯುರೋಪಿನ ರಯನ್‌ಏರ್, ಈಸಿಜೆಟ್ ಮತ್ತು ಮಲೇಷ್ಯಾದ ಏರ್‌ಏಷ್ಯಾ ಇನ್ನೂ ಮುಂದೆ ಹೋಗಿ ಆಹಾರವನ್ನು ಮಾರಾಟದ ಸರಕಾಗಿ ಪರಿವರ್ತಿಸಿದವು. ಖರ್ಚಿನ ಬಾಬತ್ತಾಗಿದ್ದ ಊಟವು ಆ ಮೂಲಕ ಆದಾಯದ ಬಾಬತ್ತಾಯಿತು.

ಏರ್ ಡೆಕ್ಕನ್

ಗೋಪಿನಾಥ್ ಅವರು 1951ರಲ್ಲಿ ಜನಿಸಿ, ಬಾಲ್ಯವನ್ನು ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಳೆದರು. ಸೇನೆಗೆ ಸೇರಿ 1971ರ ಯುದ್ಧದಲ್ಲಿ ಭಾಗವಹಿಸಿದ ಅವರು ಅನಂತರ ಸೇನೆಯನ್ನು ಬಿಟ್ಟು ಬಂದು ಕೃಷಿ ಮತ್ತು ರೇಷ್ಮೆ ಸಾಕಣೆಯಲ್ಲಿ ತೊಡಗಿದರು. ಹಾಸನದಲ್ಲಿ ಹೋಟೆಲನ್ನೂ ತೆರೆದಿದ್ದರು. ತಿಂಡಿ ಮಾರಿ ಬಲ್ಲ ವ್ಯಕ್ತಿಯೇ ಮುಂದೆ ವಿಮಾನದಿಂದ ಉಚಿತ ತಿಂಡಿಯನ್ನು ಇಳಿಸಿದ್ದು ಗಮನಿಸಬೇಕಾದ ಸಂಗತಿ. 1990ರ ದಶಕದಲ್ಲಿ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಅವರೊಡನೆ ಹೆಲಿಕಾಪ್ಟರ್ ಸೇವೆಯ ಡೆಕ್ಕನ್ ಏವಿಯೇಷನ್ ಸ್ಥಾಪಿಸಿದ ಅವರು 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಾಟವನ್ನು ಆರಂಭಿಸಿದರು. ಮೈಸೂರಿನವರಾದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ' ಈ ಸಂಸ್ಥೆಯ ಲಾಂಛನಪುರುಷನಾಗಿದ್ದನು.

ಆರಂಭದಲ್ಲಿ ಸಂಸ್ಥೆಯು ಎಟಿಆರ್ ಮಾದರಿಯ ಚಿಕ್ಕ ವಿಮಾನಗಳನ್ನು ಬಳಸಿತು. ಅನಂತರ ಏರ್‌ಬಸ್ ವಿಮಾನಗಳು ಸೇರಿದವು. ಒಂದು ರೂಪಾಯಿಯ ಟಿಕೆಟಿನ ಕೊಡುಗೆಯು ದೇಶದಾದ್ಯಂತ ಸುದ್ದಿಯಾಯಿತು. ಮೊದಲ ದಿನಗಳಲ್ಲಿ ಆಸನಗಳಿಗೆ ಸಂಖ್ಯೆಯನ್ನೂ ಹಂಚುತ್ತಿರಲಿಲ್ಲವಾದುದರಿಂದ, ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿದು ಅಭ್ಯಾಸವಿದ್ದವರಿಗೆ ಈ ವಿಮಾನ ಅಪರಿಚಿತವೆನಿಸಲಿಲ್ಲ. ತಿಂಡಿ ಮತ್ತು ಪಾನೀಯಗಳನ್ನು ಹಣಕ್ಕೆ ಮಾರುವ ಪದ್ಧತಿಯು ಮಾತ್ರ ಅನೇಕರಿಗೆ ಅಸಮಾಧಾನ ತಂದಿತು. ಅದುವರೆಗೆ ಭಾರತದಲ್ಲಿ ವಿಮಾನದ ಟಿಕೆಟೆಂದರೆ ಅದರಲ್ಲಿ ಊಟವೂ ಸೇರಿದೆ ಎಂದೇ ತಿಳಿಯಲಾಗಿತ್ತು. ಕರೆದು ಕೂರಿಸಿದ ಮೇಲೆ ಊಟಕ್ಕೆ ಹಣ ಕೇಳುವುದು ನಮ್ಮ ಕಡೆಯ ಆತಿಥ್ಯದ ಕಲ್ಪನೆಗೆ ಒಗ್ಗದ ವಿಷಯವಾಗಿದ್ದುದೂ ಇದಕ್ಕೆ ಕಾರಣವಿರಬಹುದು.

2005ರಲ್ಲಿ ಸ್ಪೈಸ್‌ಜೆಟ್ ಮತ್ತು ಗೋಏರ್, 2006ರಲ್ಲಿ ಇಂಡಿಗೊ ಇದೇ ದಾರಿಯಲ್ಲಿ ಬಂದವು. ಏರ್ ಡೆಕ್ಕನ್ 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹದ ಹಿಡಿತಕ್ಕೆ ಹೋಗಿ, 2008ರಲ್ಲಿ ಕಿಂಗ್‌ಫಿಷರ್ ರೆಡ್ ಎಂಬ ಹೆಸರು ಪಡೆದು, ಮುಂದೆ ಕಿಂಗ್‌ಫಿಷರ್‌ನೊಂದಿಗೆ ಕಣ್ಮರೆಯಾಯಿತು. ಅದರ ಹೆಸರಿನಲ್ಲಿ 2017ರಲ್ಲಿ ಮತ್ತೆ ಆರಂಭವಾದ ಪ್ರಾದೇಶಿಕ ಸೇವೆಯೂ 2020ರಲ್ಲಿ ನಿಂತಿತು. ಸಂಸ್ಥೆ ಉಳಿಯದಿದ್ದರೂ ಅದು ತಂದ ಪದ್ಧತಿ ಉಳಿಯಿತು. ಗೋಪಿನಾಥ್ ಅವರ ಆತ್ಮಕಥೆ 'ಸಿಂಪ್ಲಿ ಫ್ಲೈ'ಯನ್ನು ಆಧರಿಸಿ ಸುಧಾ ಕೊಂಗರ ನಿರ್ದೇಶಿಸಿದ ತಮಿಳು ಚಲನಚಿತ್ರ 'ಸೂರರೈ ಪೋಟ್ರು' 2020ರಲ್ಲಿ ಬಿಡುಗಡೆಯಾಯಿತು.

ಊಟವನ್ನು ಟಿಕೆಟಿನಿಂದ ಬೇರ್ಪಡಿಸಲು ಕಾರಣಗಳು

ಊಟದ ಬೆಲೆಯಷ್ಟೇ ಉಳಿತಾಯವಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಆಹಾರ ಸಾಮಗ್ರಿಯ ಬೆಲೆಗಿಂತ ಅದರ ಸುತ್ತಲಿನ ವೆಚ್ಚವೇ ದೊಡ್ಡದು. ಬಿಸಿ ಊಟ ಬಡಿಸಬೇಕಾದರೆ ವಿಮಾನದಲ್ಲಿ ಅಡುಗೆಕಟ್ಟೆ, ಓವನ್‌ಗಳು, ತಳ್ಳುಗಾಡಿಗಳು ಬೇಕು. ಅವು ಆಕ್ರಮಿಸುವ ಜಾಗದಲ್ಲಿ ಆಸನಗಳನ್ನು ಹಾಕಬಹುದು. ಎರಡು ದರ್ಜೆಗಳಲ್ಲಿ ಸುಮಾರು 150 ಮಂದಿಯನ್ನು ಒಯ್ಯುವ ಏರ್‌ಬಸ್ ಎ320 ವಿಮಾನದಲ್ಲಿ ಅಗ್ಗದ ದರದ ಸಂಸ್ಥೆಗಳು 180 ಆಸನಗಳನ್ನು ಜೋಡಿಸುತ್ತವೆ. ತೂಕ ಕಡಿಮೆಯಾದಷ್ಟೂ ಇಂಧನದ ಖರ್ಚು ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಸಮಯ. ಇಳಿದ ವಿಮಾನವನ್ನು ಅರ್ಧ ಗಂಟೆಯೊಳಗೆ ಮತ್ತೆ ಹಾರಿಸಬೇಕೆಂಬುದು ಈ ಸಂಸ್ಥೆಗಳ ಗುರಿ. ಎಂಜಲು ತಟ್ಟೆಗಳನ್ನು ಇಳಿಸಿ, ಸ್ವಚ್ಛಗೊಳಿಸಿ, ಹೊಸ ಊಟವನ್ನು ಏರಿಸುವ ಕೆಲಸವು ಆ ಅರ್ಧ ಗಂಟೆಯನ್ನು ನುಂಗಿಹಾಕುತ್ತದೆ.

ಟಿಕೆಟಿನಿಂದ ಸೇವೆಗಳನ್ನು ಬೇರ್ಪಡಿಸಿ ಶುಲ್ಕ ವಿಧಿಸಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2013ರಲ್ಲಿ ಅನುಮತಿಸಿತು. 2021ರಲ್ಲಿ ಇದಕ್ಕೆ ಸಂಬಂಧಿಸಿದ ಸುತ್ತೋಲೆಯನ್ನು ಪರಿಷ್ಕರಿಸಿ ಹೊರಡಿಸಿತು. ಊಟ, ತಿಂಡಿ, ಪಾನೀಯಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಬಹುದೆಂದು ಹೇಳುವ ಈ ಸುತ್ತೋಲೆಯು ಕುಡಿಯುವ ನೀರನ್ನು ಮಾತ್ರ ಹೊರತುಪಡಿಸಿದೆ. ಪ್ರಯಾಣಿಕರು ತಾವಾಗಿ ಆರಿಸಿಕೊಂಡ ಸೇವೆಗಷ್ಟೇ ಹಣ ಪಡೆಯಬೇಕು. ಟಿಕೆಟು ಕಾಯ್ದಿರಿಸುವಾಗ ಊಟವನ್ನು ತಾನೇ ಸೇರಿಸಿಟ್ಟು, ಬೇಡವಾದವರು ತೆಗೆಯಲಿ ಎನ್ನುವ ಕ್ರಮಕ್ಕೆ ಅವಕಾಶವಿಲ್ಲ. ಈ ಎರಡು ಅಂಶಗಳು ಪ್ರಯಾಣಿಕರಿಗೆ ಅಷ್ಟಾಗಿ ತಿಳಿದಿಲ್ಲ. ಬಾಟಲಿಯ ನೀರನ್ನು ಮಾರಾಟಕ್ಕಿಟ್ಟಿದ್ದರೂ ಬಾಯಾರಿದವರು ಲೋಟದಲ್ಲಿ ಕುಡಿಯುವ ನೀರನ್ನು ಕೇಳಿ ಪಡೆಯಬಹುದು.

ಅಡುಗೆಮನೆಯಿಂದ ಆಸನದವರೆಗೆ

ವಿಮಾನದಲ್ಲಿ ಅಡುಗೆ ಮಾಡುವುದಿಲ್ಲ. ವಿಮಾನ ನಿಲ್ದಾಣದ ಬಳಿಯ ದೊಡ್ಡ ಅಡುಗೆಮನೆಗಳಲ್ಲಿ ಬೇಯಿಸಿದ ಆಹಾರವನ್ನು ಶೀತಕ ಯಂತ್ರಗಳಲ್ಲಿ ವೇಗವಾಗಿ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಿ, ಅದೇ ತಣ್ಪಿನಲ್ಲಿ ವಿಮಾನಕ್ಕೆ ಸಾಗಿಸಲಾಗುತ್ತದೆ. ಬೆಂದ ಅನ್ನವಾಗಲಿ ಪಲ್ಯವಾಗಲಿ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಉಳಿದರೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಆದುದರಿಂದ ಬಿಸಿಯಿಂದ ತಣ್ಪಿಗೆ ಸಾಗುವ ಆ ಅವಧಿಯನ್ನು ಆದಷ್ಟು ಕಿರಿದಾಗಿಸುವುದೇ ಈ ವಿಧಾನದ ಸಾರ. ವಿಮಾನ ತಡವಾದಾಗ ತೊಂದರೆ ಆರಂಭವಾಗುವುದೂ ಇಲ್ಲಿಯೇ. ತಣ್ಪಿನ ಸರಪಳಿ ಎಲ್ಲಿ ತುಂಡಾಯಿತೆಂಬುದು ಪೊಟ್ಟಣ ಬಿಚ್ಚುವ ಪ್ರಯಾಣಿಕನಿಗೆ ಕಾಣಿಸುವುದಿಲ್ಲ.

ಓವನ್ ಇಲ್ಲದ ವಿಮಾನಗಳಲ್ಲಿ ಎರಡು ಬಗೆಯ ಆಹಾರಕ್ಕಷ್ಟೇ ಅವಕಾಶ: ಸ್ಯಾಂಡ್‌ವಿಚ್, ಬಿಸ್ಕತ್ತು, ಗೋಡಂಬಿಯಂತಹ ತಣ್ಣನೆಯ ಪದಾರ್ಥಗಳು, ಬಿಸಿನೀರು ಬೆರೆಸಿ ಸಿದ್ಧಪಡಿಸುವ ಉಪ್ಪಿಟ್ಟು, ಅವಲಕ್ಕಿ, ನೂಡಲ್ಸ್‌ನಂತಹ ಒಣ ಮಿಶ್ರಣಗಳು. ಕಾಗದದ ಲೋಟದಲ್ಲಿ ಬರುವ ಉಪ್ಪಿಟ್ಟು ಅಗ್ಗದ ವಿಮಾನಯಾನದ ಗುರುತೇ ಆಗಿಬಿಟ್ಟಿದೆ. ಒಗ್ಗರಣೆ ಹಾಕಿ ಹುರಿದು ತೇವ ತೆಗೆದ ರವೆಯು ಬಿಸಿನೀರನ್ನು ಹೀರಿಕೊಂಡು ಕೆಲವು ನಿಮಿಷಗಳಲ್ಲಿ ಅರಳುತ್ತದೆ. ಆದರೆ ವಿಮಾನದೊಳಗಿನ ವಾಯು ಒತ್ತಡವು ಸಾಮಾನ್ಯವಾಗಿ ಸಮುದ್ರಮಟ್ಟದಿಂದ 6,000ರಿಂದ 8,000 ಅಡಿ ಎತ್ತರದ ಗುಡ್ಡದ ಮೇಲಿರುವಷ್ಟೇ ಇರುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ನೀರು 92ರಿಂದ 94 ಡಿಗ್ರಿಯಲ್ಲೇ ಕುದಿಯುವುದರಿಂದ ಅದಕ್ಕಿಂತ ಬಿಸಿಯಾದ ನೀರು ಲೋಟಕ್ಕೆ ಬರುವುದು ಸಾಧ್ಯವಿಲ್ಲ. ಉಪ್ಪಿಟ್ಟು ಗಂಟುಗಂಟಾಗಿದೆ, ಅರೆಬೆಂದಿದೆ ಎಂಬ ದೂರಿನಲ್ಲಿ ಭೌತಶಾಸ್ತ್ರದ ಪಾಲೂ ಇದೆ. ಮುಚ್ಚಳ ಮುಚ್ಚಿ, ಸೂಚಿಸಿದ ಅವಧಿಯವರೆಗೆ ಕಾಯದೆ ತಿನ್ನುವವರ ಆತುರದ ಪಾಲೂ ಇಲ್ಲದಿಲ್ಲ.

ರುಚಿಯ ಮೇಲೂ ಎತ್ತರದ ಪ್ರಭಾವವಿದೆ. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶವು ಅನೇಕ ವೇಳೆ ಶೇಕಡಾ 20ಕ್ಕಿಂತ ಕಡಿಮೆಯಿರುತ್ತದೆ. ಮೂಗು ಒಣಗಿ ವಾಸನೆಯ ಗ್ರಹಿಕೆ ಕುಗ್ಗುತ್ತದೆ. ನಾವು ರುಚಿಯೆಂದು ಭಾವಿಸುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ಲುಫ್ತಾನ್ಸಾ ಸಂಸ್ಥೆಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯು 2010ರ ಸುಮಾರಿಗೆ ನಡೆಸಿದ ಅಧ್ಯಯನದಲ್ಲಿ ಕಡಿಮೆ ಒತ್ತಡದಲ್ಲಿ ಉಪ್ಪು ಮತ್ತು ಸಿಹಿಯ ಗ್ರಹಿಕೆ ಗಮನಾರ್ಹವಾಗಿ ಇಳಿಯುವುದು ಕಂಡುಬಂದಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ, ಇಂಜಿನಿನಂತಹ ಜೋರು ಸದ್ದು ಸಿಹಿಯ ಗ್ರಹಿಕೆಯನ್ನು ತಗ್ಗಿಸುತ್ತದೆಂದು ವರದಿ ಮಾಡಿದರು. ಸಪ್ಪೆಯೆಂಬ ದೂರನ್ನು ತಪ್ಪಿಸಲು ಉಪ್ಪನ್ನು ಹೆಚ್ಚಿಸುವ ಸೆಳೆತ ತಯಾರಕರಿಗೆ ಇರುವುದು ಸಹಜ. ಅದು ಮತ್ತೊಂದು ದೂರಿಗೆ ದಾರಿಯಾಗುತ್ತದೆ.

ದೂರುಗಳ ಸ್ವರೂಪ

ಡಿಜಿಸಿಎ ಪ್ರತಿ ತಿಂಗಳೂ ಪ್ರಕಟಿಸುವ ದೂರುಗಳ ವರ್ಗೀಕರಣದಲ್ಲಿ ಹಾರಾಟದ ಏರುಪೇರು, ಸಾಮಾನು ಸರಂಜಾಮು, ಹಣ ಮರುಪಾವತಿ ಮುಂತಾದವುಗಳದ್ದೇ ಮೇಲುಗೈ. ಆಹಾರ ಪೂರೈಕೆಗೆ ಪ್ರತ್ಯೇಕ ಶೀರ್ಷಿಕೆಯಿದ್ದರೂ ಅದರ ಪಾಲು ಸಾಮಾನ್ಯವಾಗಿ ಬಹಳ ಚಿಕ್ಕದು. ಇದರಿಂದ ಆಹಾರವೆಲ್ಲ ಚೆನ್ನಾಗಿದೆಯೆಂಬ ತೀರ್ಮಾನಕ್ಕೆ ಬರುವುದು ಆತುರವಾದೀತು. ಇನ್ನೂರು ಮುನ್ನೂರು ರೂಪಾಯಿಯ ತಿಂಡಿಗಾಗಿ ಅರ್ಜಿ ಬರೆಯುವವರು ವಿರಳ. ಹೆಚ್ಚಿನವರು ಸಾಮಾಜಿಕ ಜಾಲತಾಣದಲ್ಲಿ ಒಂದು ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಅಂತಹ ದೂರು ಯಾವ ಅಂಕಿಅಂಶದೊಳಗೂ ಸೇರುವುದಿಲ್ಲ.

ಗಂಭೀರವಾದ ದೂರುಗಳು ಅನ್ಯವಸ್ತುಗಳಿಗೆ ಸಂಬಂಧಿಸಿದವು. 2023ರ ಡಿಸೆಂಬರ್ 29ರಂದು ದೆಹಲಿಯಿಂದ ಮುಂಬೈಗೆ ಹೊರಟಿದ್ದ ಇಂಡಿಗೊ ವಿಮಾನದಲ್ಲಿ ಪ್ರಯಾಣಿಕರೊಬ್ಬರು ಕೊಂಡ ಸ್ಯಾಂಡ್‌ವಿಚ್‌ನಲ್ಲಿ ಜೀವಂತ ಹುಳು ಕಂಡುಬಂದಿತು. ಅದರ ದೃಶ್ಯ ಹರಡಿದ ಬಳಿಕ ಸಂಸ್ಥೆಯು ಕ್ಷಮೆ ಕೇಳಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಜನವರಿ ಆರಂಭದಲ್ಲಿ ಸಂಸ್ಥೆಗೆ ಕಾರಣ ಕೇಳಿ ನೋಟಿಸು ನೀಡಿತು.

ಊಟವನ್ನು ಟಿಕೆಟಿನಲ್ಲೇ ಸೇರಿಸಿಕೊಡುವ ವಿಮಾನಗಳು ಇದಕ್ಕೆ ಹೊರತಲ್ಲ. 2024ರ ಜೂನ್‌ನಲ್ಲಿ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನದಲ್ಲಿ ಪ್ರಯಾಣಿಕರೊಬ್ಬರ ಊಟದಲ್ಲಿ ಬ್ಲೇಡಿನಂತಹ ಲೋಹದ ತುಂಡು ಸಿಕ್ಕಿತು. ಊಟ ಪೂರೈಸಿದವರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಯಂತ್ರದಿಂದ ಅದು ಬಂದಿದೆಯೆಂದು ಸಂಸ್ಥೆಯು ಒಪ್ಪಿಕೊಂಡಿತು. ಪರಿಹಾರವಾಗಿ ಮುಂದಿಟ್ಟ ಉಚಿತ ಪ್ರಯಾಣವನ್ನು ಆ ಪ್ರಯಾಣಿಕರು ನಿರಾಕರಿಸಿದರು. ಟಿಕೆಟಿನ ಬೆಲೆಯೊಂದೇ ಆಹಾರದ ಸುರಕ್ಷತೆಗೆ ಖಾತರಿಯಲ್ಲ ಎಂಬುದಕ್ಕೆ ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ 54ನೆಯ ಕಲಮಿನ ಪ್ರಕಾರ ಅನ್ಯವಸ್ತು ಬೆರೆತ ಆಹಾರಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 65ನೆಯ ಕಲಮು ಆಹಾರದಿಂದ ಹಾನಿಗೊಳಗಾದವರಿಗೆ ಪರಿಹಾರ ಒದಗಿಸುತ್ತದೆ.

ಪೌಷ್ಟಿಕತೆಯ ಪ್ರಶ್ನೆಯು 2024ರ ಏಪ್ರಿಲ್‌ನಲ್ಲಿ ಚರ್ಚೆಗೆ ಬಂದಿತು. ಪೊಟ್ಟಣಗಳ ಮೇಲಿನ ವಿವರಗಳನ್ನು ಜನರಿಗೆ ಓದಿ ಹೇಳುವ ರೇವಂತ್ ಹಿಮತ್‌ಸಿಂಗ್ಕಾ ಅವರು, ಇಂಡಿಗೊ ಮಾರುವ ಉಪ್ಪಿಟ್ಟಿನಲ್ಲಿ ಮ್ಯಾಗಿ ನೂಡಲ್ಸ್‌ಗಿಂತ ಶೇಕಡಾ 50ರಷ್ಟು ಹೆಚ್ಚು ಸೋಡಿಯಂ ಇದೆಯೆಂದು ಹೇಳಿದರು. ಸಾಂಪ್ರದಾಯಿಕ ಪಾಕದಲ್ಲಿ ಇರುವ ಉಪ್ಪಿಗಿಂತ ಇದು ಹೆಚ್ಚಲ್ಲವೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಲಾಗಿದೆಯೆಂದೂ ಸಂಸ್ಥೆಯು ಉತ್ತರಿಸಿತು. ವಯಸ್ಕರು ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡವಿರುವ ಹಿರಿಯರು ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳುವುದು ಒಳಿತು. ಅಕ್ಷರಗಳು ತೀರ ಸಣ್ಣವಾಗಿರುವುದು ಬೇರೆ ಮಾತು.

ಇನ್ನು ಬೆಲೆಯ ವಿಷಯ. ಆಕಾಶದಲ್ಲಿ ಪಕ್ಕದ ಅಂಗಡಿಗೆ ಹೋಗುವ ಅನುಕೂಲವಿಲ್ಲದ ಕಾರಣ ಮಾರುವವನ ಕೈ ಮೇಲಿರುತ್ತದೆ. 2023ರಲ್ಲಿ ಇಂಡಿಗೊ ತಂಪು ಪಾನೀಯದ ಡಬ್ಬಿಗಳನ್ನು ಪ್ರತ್ಯೇಕವಾಗಿ ಮಾರುವುದನ್ನು ನಿಲ್ಲಿಸಿ, ತಿಂಡಿ ಕೊಂಡವರಿಗೆ ಪಾನೀಯವನ್ನು ಲೋಟದಲ್ಲಿ ಕೊಡುವ ಕ್ರಮ ತಂದಾಗ, ಪಾನೀಯ ಬೇಕಾದವರು ತಿಂಡಿಯನ್ನೂ ಕೊಳ್ಳಬೇಕಾಯಿತೆಂಬ ಟೀಕೆ ಕೇಳಿಬಂದಿತು. ಡಬ್ಬಿಗಳ ಕಸ ತಗ್ಗಿಸುವುದು ತನ್ನ ಉದ್ದೇಶವೆಂದು ಸಂಸ್ಥೆ ಹೇಳಿತು. ನಿಲ್ದಾಣಗಳ ಒಳಗಿನ ದುಬಾರಿ ಬೆಲೆಯ ಬಗ್ಗೆ ಸಂಸತ್ತಿನಲ್ಲೂ ಪ್ರಸ್ತಾಪವಾಗಿ, 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ 'ಉಡಾನ್ ಯಾತ್ರಿ ಕೆಫೆ' ಎಂಬ ಮಿತದರದ ಉಪಾಹಾರ ಮಂದಿರ ತೆರೆಯಿತು. ಅಲ್ಲಿ ಚಹಾ 10 ರೂಪಾಯಿಗೆ, ಸಮೋಸ 20 ರೂಪಾಯಿಗೆ ದೊರೆಯಿತು.

ಮುಂಗಡವಾಗಿ ಹಣ ಕಟ್ಟಿದ ಊಟ ಸಿಗದಿರುವುದು, ಸಸ್ಯಾಹಾರಕ್ಕೆ ಬದಲಾಗಿ ಮಾಂಸಾಹಾರ ಬರುವುದು, ಹಿಂದಿನ ಸಾಲುಗಳಿಗೆ ಗಾಡಿ ತಲಪುವಷ್ಟರಲ್ಲಿ ಎಲ್ಲವೂ ಮುಗಿದಿರುವುದು ಇತರ ಸಾಮಾನ್ಯ ದೂರುಗಳು. ಮೊದಲ ಎರಡು ಸೇವಾ ನ್ಯೂನತೆಗಳೆನಿಸುತ್ತವೆ. ಮೂರನೆಯದು ಕಿರಿಕಿರಿಯೇ ಹೊರತು ಮುಂಗಡ ಕಾಯ್ದಿರಿಸದವರಿಗೆ ಅದರಲ್ಲಿ ಹಕ್ಕು ಹುಟ್ಟುವುದಿಲ್ಲ.

ವಿಮಾನ ತಡವಾದಾಗ ಆಹಾರ

ಅಗ್ಗದ ಟಿಕೆಟಿನ ಪ್ರಯಾಣಿಕರಿಗೂ ಉಚಿತ ಆಹಾರ ಸಲ್ಲಬೇಕಾದ ಸಂದರ್ಭವಿದು. 2010ರಲ್ಲಿ ಜಾರಿಗೆ ಬಂದ ಡಿಜಿಸಿಎ ನಿಯಮಗಳ ಪ್ರಕಾರ, ಸಕಾಲದಲ್ಲಿ ತಪಾಸಣೆಗೆ ಹಾಜರಾದ ಪ್ರಯಾಣಿಕರಿಗೆ ವಿಮಾನವು ನಿಗದಿತ ಮಿತಿಗಿಂತ ಹೆಚ್ಚು ತಡವಾಗುವುದಿದ್ದರೆ ಕಾಯುವ ಅವಧಿಗೆ ಅನುಗುಣವಾಗಿ ಊಟ, ಉಪಾಹಾರ ಒದಗಿಸಬೇಕು. ಎರಡೂವರೆ ಗಂಟೆಯವರೆಗಿನ ಹಾರಾಟಕ್ಕೆ ಈ ಮಿತಿ 2 ಗಂಟೆ; ಎರಡೂವರೆಯಿಂದ 5 ಗಂಟೆಯ ಹಾರಾಟಕ್ಕೆ 3 ಗಂಟೆ; ಉಳಿದವುಗಳಿಗೆ 4 ಗಂಟೆ. ಬೆಂಗಳೂರಿನಿಂದ ಹೈದರಾಬಾದ್, ಚೆನ್ನೈ, ಮುಂಬೈಗಳಿಗೆ ಹೋಗುವ ವಿಮಾನಗಳು ಮೊದಲ ಗುಂಪಿಗೆ ಸೇರಿದರೆ ದೆಹಲಿಗೆ ಹೋಗುವವು ಸಾಮಾನ್ಯವಾಗಿ ಎರಡನೆಯ ಗುಂಪಿಗೆ ಸೇರುತ್ತವೆ. ಹವಾಮಾನ ವೈಪರೀತ್ಯದಂತಹ, ಸಂಸ್ಥೆಯ ಕೈಮೀರಿದ ಕಾರಣಗಳಿದ್ದಲ್ಲಿ ಹಣದ ರೂಪದ ಪರಿಹಾರಕ್ಕೆ ವಿನಾಯಿತಿಯಿದೆ. ಊಟವೂ ಹಣದ ಪರಿಹಾರವೂ ಬೇರೆ ಬೇರೆ ಬಾಬತ್ತುಗಳೆಂಬುದನ್ನು ಕೌಂಟರಿನಲ್ಲಿ ಮಾತನಾಡುವಾಗ ನೆನಪಿಡಬೇಕು.

ನಿಯಮ ಒಂದು, ನಡೆಯುವುದು ಇನ್ನೊಂದು ಎಂಬ ಸ್ಥಿತಿಗೆ ಉದಾಹರಣೆಗಳಿವೆ. 2024ರ ಜನವರಿಯಲ್ಲಿ ಗೋವಾದಿಂದ ದೆಹಲಿಗೆ ಹೊರಟ ಇಂಡಿಗೊ ವಿಮಾನವು ದೀರ್ಘ ವಿಳಂಬದ ನಂತರ ಮಂಜಿನ ಕಾರಣ ಮುಂಬೈಗೆ ತಿರುಗಬೇಕಾಯಿತು. ಬಳಲಿದ ಪ್ರಯಾಣಿಕರು ವಿಮಾನದಿಂದ ಇಳಿದು ಅದರ ಪಕ್ಕದ ನೆಲದ ಮೇಲೆಯೇ ಕುಳಿತು ಊಟ ಮಾಡಿದ ದೃಶ್ಯವನ್ನು ಇಡೀ ದೇಶ ನೋಡಿತು. ವಿಮಾನಗಳು ಓಡಾಡುವ ಜಾಗದಲ್ಲಿ ಹೀಗೆ ಕೂರುವುದು ಅಪಾಯಕಾರಿಯಾದುದರಿಂದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಇಂಡಿಗೊಗೆ 1.20 ಕೋಟಿ ರೂಪಾಯಿ ದಂಡ ವಿಧಿಸಿತು. ಮುಂಬೈ ನಿಲ್ದಾಣದ ಆಡಳಿತಕ್ಕೂ ದಂಡ ಬಿದ್ದಿತು. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದಾಗ ಬೆಂಗಳೂರು ಸೇರಿದಂತೆ ಅನೇಕ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದವರು ಅನ್ನ ನೀರಿನ ವ್ಯವಸ್ಥೆಯಿಲ್ಲವೆಂದು ದೂರಿದರು.

ಮಂಡ್ಯ ಜಿಲ್ಲೆಯ ಪ್ರಯಾಣಿಕರು ಮತ್ತು ಬುತ್ತಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಪ್ರಯಾಣಿಕರಿಗೆ ಎರಡು ವಿಮಾನ ನಿಲ್ದಾಣಗಳು ಎಟುಕುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರಗಳಿಗೆ ಮೈಸೂರಿನ ಮಂಡಕಳ್ಳಿ ನಿಲ್ದಾಣ ಹತ್ತಿರ. ಆದರೆ ಅದರ ಓಡುದಾರಿ 1,740 ಮೀಟರಿನಷ್ಟೇ ಉದ್ದವಿರುವುದರಿಂದ ಅಲ್ಲಿಂದ ಎಟಿಆರ್‌ನಂತಹ ಚಿಕ್ಕ ವಿಮಾನಗಳು ಮಾತ್ರ ಹಾರುತ್ತವೆ. ದೂರದ ಊರುಗಳಿಗೆ ಹೋಗುವವರೆಲ್ಲ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವನ್ನೇ ಹಿಡಿಯಬೇಕು. ಶ್ರೀರಂಗಪಟ್ಟಣದ ಕಡೆಯವರು ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ, ನಾಗಮಂಗಲದ ಕಡೆಯವರು ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿ ಸೇರಿ ಸಾಗುತ್ತಾರೆ. ಬೆಳಗಿನ ಆರರ ವಿಮಾನಕ್ಕೆ ಕೆ.ಆರ್.ಪೇಟೆಯವರು ನಡುರಾತ್ರಿಯ ಹೊತ್ತಿಗೇ ಮನೆ ಬಿಡಬೇಕಾಗುತ್ತದೆ. ಹಾರಾಟ ಎರಡೇ ಗಂಟೆಯದಾದರೂ ಹಸಿವಿನ ಲೆಕ್ಕ ಹತ್ತು ಗಂಟೆಯದು. ಬೆಂಗಳೂರು ನಗರವಾಸಿಗೆ ಚಿಕ್ಕದೆನಿಸುವ ಆಹಾರದ ಪ್ರಶ್ನೆಯು ಇವರಿಗೆ, ವಿಶೇಷವಾಗಿ ಮಧುಮೇಹಿಗಳಿಗೆ ಮತ್ತು ಮಕ್ಕಳನ್ನು ಕರೆದೊಯ್ಯುವವರಿಗೆ, ಚಿಕ್ಕದಲ್ಲ.

ಆದುದರಿಂದಲೇ ಬುತ್ತಿ ಕಟ್ಟುವ ರೂಢಿ ಬಿಟ್ಟುಹೋಗಿಲ್ಲ. ಒಳನಾಡಿನ ಹಾರಾಟಗಳಲ್ಲಿ ಚಪಾತಿ, ಇಡ್ಲಿ, ಪುಳಿಯೋಗರೆ, ಕೋಡುಬಳೆಯಂತಹ ಮನೆಯ ತಿಂಡಿಯನ್ನು ಒಯ್ಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಪ್ರಯಾಣದ ಊಟವಾಗಿ ಮೇಲುಕೋಟೆಯ ಪುಳಿಯೋಗರೆಯ ಪ್ರಸಿದ್ಧಿಗೆ ರುಚಿಯಷ್ಟೇ ಬಾಳಿಕೆಯೂ ಕಾರಣ. ಹುಣಿಸೆಯ ಹುಳಿ, ಉಪ್ಪು ಮತ್ತು ಎಣ್ಣೆ ಸೇರಿ ಕುದಿದು ಗಟ್ಟಿಯಾದ ಗೊಜ್ಜಿನಲ್ಲಿ ತೇವ ಕಡಿಮೆಯಾಗಿ ಆಮ್ಲೀಯತೆ ಹೆಚ್ಚಿರುವುದರಿಂದ ಅದು ಬೇಗ ಕೆಡುವುದಿಲ್ಲ. ಕಲಸಿದ ಅನ್ನ ಮಾತ್ರ ಅದೇ ದಿನ ಮುಗಿಯಬೇಕು. ಸಾಂಬಾರು, ಮಜ್ಜಿಗೆಯಂತಹ ದ್ರವಪದಾರ್ಥಗಳನ್ನು ಭದ್ರತಾ ತಪಾಸಣೆಯಲ್ಲಿ ತಡೆಯಬಹುದು. ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಕೈಚೀಲದ ದ್ರವಗಳಿಗೆ ತಲಾ 100 ಮಿಲಿಲೀಟರಿನ ಮಿತಿಯಿದೆ. ತೆಂಗು ಬೆಳೆಯುವ ನಾಗಮಂಗಲ, ಕೆ.ಆರ್.ಪೇಟೆಗಳ ಕಡೆಯವರು ಮಕ್ಕಳ ಮನೆಗೆಂದು ಕೊಬ್ಬರಿ ಗಿಟುಕುಗಳನ್ನು ಒಯ್ಯಲು ಹೋಗಿ ತಪಾಸಣೆಯಲ್ಲಿ ಬಿಟ್ಟುಬರಬೇಕಾದೀತು. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿಯನ್ನು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ ಸೇರಿಸಲಾಗಿದೆ. ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ 2024ರ ಅಕ್ಟೋಬರ್‌ನಲ್ಲಿ ಆ ಯಾತ್ರಾಕಾಲಕ್ಕೆ ಸೀಮಿತವಾಗಿ ವಿನಾಯಿತಿ ನೀಡಲಾಗಿತ್ತು.

ದೂರು ಸಲ್ಲಿಸುವ ಕ್ರಮ

ಆಹಾರದ ದೂರಿಗೆ ಸಾಕ್ಷ್ಯವೇ ಜೀವಾಳ. ಅದು ಬೇಗ ಹಳಸುವುದೇ ಕಷ್ಟ. ದೋಷ ಕಂಡೊಡನೆ ತಿನ್ನುವುದನ್ನು ನಿಲ್ಲಿಸಿ, ಆಹಾರವನ್ನೂ ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆಗಳನ್ನೂ ಸ್ಪಷ್ಟವಾಗಿ ಛಾಯಾಚಿತ್ರದಲ್ಲಿ ಹಿಡಿಯಬೇಕು. ಗಗನಸಖಿಯ ಗಮನಕ್ಕೆ ತಂದು, ದೂರನ್ನು ದಾಖಲಿಸಿಕೊಳ್ಳುವಂತೆ ಕೋರಬೇಕು. ಪೊಟ್ಟಣ, ರಸೀದಿ, ಬೋರ್ಡಿಂಗ್ ಪಾಸುಗಳನ್ನು ಎಸೆಯಬಾರದು. ಬೇರೆ ತಟ್ಟೆ ಕೊಟ್ಟು ಮೊದಲಿನದನ್ನು ಹಿಂದಕ್ಕೆ ಪಡೆಯುವುದು ವಿಮಾನದ ಸಿಬ್ಬಂದಿಯ ರೂಢಿ. ಹಾಗೆ ಕೊಡುವ ಮುನ್ನ ಚಿತ್ರ ತೆಗೆದುಕೊಂಡಿರುವುದು ಅಗತ್ಯ. ಅಸ್ವಸ್ಥತೆ ಉಂಟಾದರೆ ವೈದ್ಯರ ಚೀಟಿಯೂ ಬೇಕಾಗುತ್ತದೆ.

ಮೊದಲು ವಿಮಾನಯಾನ ಸಂಸ್ಥೆಗೆ ಲಿಖಿತ ದೂರು ಹೋಗಬೇಕು. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ 'ಏರ್‌ಸೇವಾ' ಜಾಲತಾಣದಲ್ಲಿ ದಾಖಲಿಸಬಹುದು. ಶುಚಿತ್ವದ ದೂರುಗಳನ್ನು ಆಹಾರ ಸುರಕ್ಷತಾ ಪ್ರಾಧಿಕಾರಕ್ಕೂ ಕಳುಹಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹಣದ ಪರಿಹಾರ ಬೇಕಾದವರಿಗೆ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಆಸರೆಯಾಗಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಈ ಕಾಯಿದೆಯು ತಂದ ಒಂದು ಬದಲಾವಣೆ ಸಣ್ಣ ಊರುಗಳವರಿಗೆ ಬಹು ಉಪಯುಕ್ತ. ಹಿಂದೆ ಎದುರು ಪಕ್ಷದ ಕಚೇರಿಯಿರುವಲ್ಲಿ ಅಥವಾ ಘಟನೆ ನಡೆದಲ್ಲಿ ದೂರು ಹೂಡಬೇಕಾಗಿತ್ತು. ಈಗ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಹೂಡಬಹುದು. ಮುಂಬೈಯ ಆಕಾಶದಲ್ಲಿ ಕೆಟ್ಟ ಸ್ಯಾಂಡ್‌ವಿಚ್ ತಿಂದ ನಾಗಮಂಗಲದ ಪ್ರಯಾಣಿಕನು ಗುರುಗ್ರಾಮಕ್ಕೆ ಅಲೆಯಬೇಕಿಲ್ಲ. ಮಂಡ್ಯದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದರೆ ಸಾಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಘಟನೆ ನಡೆದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ವಕೀಲರನ್ನು ನೇಮಿಸಲೇಬೇಕೆಂಬ ಕಡ್ಡಾಯವಿಲ್ಲ. ದೂರುದಾರರು ತಾವೇ ವಾದಿಸಬಹುದು. ಎದುರು ಪಕ್ಷಕ್ಕೆ ನೋಟಿಸು ತಲಪಿದ 3 ತಿಂಗಳೊಳಗೆ, ಪ್ರಯೋಗಾಲಯದ ಪರೀಕ್ಷೆ ಬೇಕಾದಲ್ಲಿ 5 ತಿಂಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಕಾರ್ಯತಃ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಮನೆಯಿಂದಲೇ ದೂರು ಸಲ್ಲಿಸಲು 2020ರಲ್ಲಿ ಆರಂಭವಾದ 'ಇ-ದಾಖಿಲ್' ವ್ಯವಸ್ಥೆಯನ್ನು 2025ರಿಂದ 'ಇ-ಜಾಗೃತಿ' ಎಂಬ ಹೊಸ ಜಾಲತಾಣದೊಳಗೆ ಸೇರಿಸಲಾಗಿದೆ. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗುವ ಸೌಲಭ್ಯವೂ ಅದರಲ್ಲಿದೆ.